ಮದುವೆಗೆ ಮುಂಚಿನ ಹನ್ನೆರಡು ತಿಂಗಳು

(ಪವಿತ್ರ ಕುಟುಂಬದ ಹಬ್ಬದ ಚಿಂತನೆ)



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ಮುಗಿಯದಿರುವಾಗಲೇ ಧರ್ಮಸಭೆಯು ಪವಿತ್ರ ಕುಟುಂಬದ ಹಬ್ಬವನ್ನು ನಮ್ಮ ಮುಂದಿಡುತ್ತದೆ. ಗೋದಲಿಯ ಮುಂದೆ ನಿಂತು ನಾವು ಬಾಲಯೇಸುವನ್ನೂ ಮಾತೆ ಮರಿಯಮ್ಮನವರನ್ನೂ ಸಂತ ಜೋಸೆಫರನ್ನೂ ಕಣ್ತುಂಬ ನೋಡುತ್ತೇವೆ. ನಮ್ಮ ಮನೆಯೂ ಹೀಗೆಯೇ ಇರಲಿ ಎಂದು ಬೇಡಿಕೊಳ್ಳುತ್ತೇವೆ. ಆದರೆ ಈ ಕುಟುಂಬ ಬೆತ್ಲೆಹೇಮಿನ ಆ ಒಂದು ರಾತ್ರಿಯಲ್ಲಿ ಆದದ್ದಲ್ಲ. ಅದಕ್ಕೂ ಮೊದಲು ನಜರೇತಿನಲ್ಲಿ ಒಂದು ನಿಶ್ಚಿತಾರ್ಥ ನಡೆದಿತ್ತು. ಮರಿಯಮ್ಮನವರು ಜೋಸೆಫರಿಗೆ ನಿಶ್ಚಿತರಾಗಿದ್ದರೂ ಇಬ್ಬರೂ ಇನ್ನೂ ಒಂದು ಮನೆಯಲ್ಲಿ ಬಾಳಲು ಆರಂಭಿಸಿರಲಿಲ್ಲ ಎಂಬುದನ್ನು ಸಂತ ಮತ್ತಾಯರು ತಮ್ಮ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲೇ ತಿಳಿಸುತ್ತಾರೆ.

ಅಂದಿನ ಯೆಹೂದ್ಯರಲ್ಲಿ ಮದುವೆ ಎರಡು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲು ನಿಶ್ಚಿತಾರ್ಥ, ಅನಂತರ ವಧುವನ್ನು ಮನೆ ತುಂಬಿಸಿಕೊಳ್ಳುವುದು. ನಿಶ್ಚಿತಾರ್ಥಕ್ಕೆ ಎಷ್ಟು ಬಲವಿತ್ತೆಂದರೆ ಅದನ್ನು ಮುರಿಯಲು ವಿಚ್ಛೇದನ ಪತ್ರವೇ ಬೇಕಾಗುತ್ತಿತ್ತು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹಗೊಂಡ ಮಿಷ್ನಾ ಎಂಬ ಯೆಹೂದ್ಯ ಶಾಸ್ತ್ರಗ್ರಂಥವು ಕನ್ಯೆಗೆ ಮದುವೆಯ ಸಿದ್ಧತೆಗಾಗಿ ಹನ್ನೆರಡು ತಿಂಗಳ ಕಾಲಾವಕಾಶ ಕೊಡಬೇಕೆಂದು ವಿಧಿಸುತ್ತದೆ. ವರನಿಗೂ ಅಷ್ಟೇ ಅವಧಿ. ಹಾಗೆ ಕಾಯುತ್ತಿದ್ದ ಅವಧಿಯಲ್ಲೇ ದೇವದೂತನು ಮರಿಯಮ್ಮನವರ ಬಳಿ ಬಂದದ್ದು. ಆ ಅವಧಿಯಲ್ಲೇ ಜೋಸೆಫರು ಕಳವಳಗೊಂಡು, ನಿದ್ದೆಗೆಟ್ಟು, ಕೊನೆಗೆ ದೇವರ ಮಾತಿಗೆ ತಲೆಬಾಗಿದ್ದು.

ನಮ್ಮ ಮನೆಗಳಲ್ಲೂ ಹುಡುಗಿ ನೋಡಿ, ಮಾತುಕತೆ ಮುಗಿದು, ಮದುವೆಯಾಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕಳೆಯುತ್ತದೆ. ಆ ವರ್ಷವನ್ನು ನಾವು ಹೇಗೆ ಕಳೆಯುತ್ತೇವೆ? ಈ ಹಬ್ಬದ ದಿನ ಅದನ್ನು ಸ್ವಲ್ಪ ಯೋಚಿಸೋಣ.

ಮೊದಲು ಮಂಟಪವೋ, ಮೊದಲು ದೇವಾಲಯವೋ?

ಮದುವೆ ಸಿದ್ಧತಾ ಶಿಬಿರಗಳಲ್ಲಿ ಮಾತನಾಡುವ ನಮಗೆ ಒಂದು ದೃಶ್ಯ ಚೆನ್ನಾಗಿ ಪರಿಚಯವಾಗಿಬಿಟ್ಟಿದೆ. ತಂದೆ ತಾಯಿ ಒಂದು ಸಂಜೆ ಗುರುಗಳ ಮನೆಗೆ ಬರುತ್ತಾರೆ. "ಫಾದರ್, ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಾಯ್ತು. ಅಡುಗೆಯವರಿಗೂ ಹೇಳಿಯಾಯ್ತು. ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ. ಪೂಜೆ ಎಷ್ಟು ಗಂಟೆಗೆ ಇಟ್ಟುಕೊಳ್ಳೋಣ?" ಎಂದು ಕೇಳುತ್ತಾರೆ. ಗುರುಗಳು ಪಂಚಾಂಗ ತೆಗೆದು ನೋಡಿದರೆ ಆ ದಿನ ತಪಸ್ಸುಕಾಲದ ನಡುವೆ ಬಂದಿರುತ್ತದೆ. ಇಲ್ಲವೇ ಹುಡುಗ ಹುಡುಗಿ ಹತ್ತಿರದ ರಕ್ತಸಂಬಂಧಿಗಳೆಂದು ಮಾತಿನ ನಡುವೆ ತಿಳಿಯುತ್ತದೆ. ಆಮೇಲೆ ಓಡಾಟ, ಬೇಸರ, ಗುರುಗಳ ಮೇಲೆ ಮುನಿಸು.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ ಸಾಮತಿ ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಮದುವೆಯೂ ಹಾಗೆಯೇ ಕುಳಿತು ಲೆಕ್ಕ ಹಾಕಬೇಕಾದ ಕೆಲಸ. ಆ ಲೆಕ್ಕದಲ್ಲಿ ಹಣ ಒಂದು ಭಾಗ ಮಾತ್ರ.

ಹನ್ನೆರಡನೆಯ ತಿಂಗಳು: ಗುರುಗಳ ಬಳಿಗೆ

ಎರಡೂ ಮನೆಯವರು ಒಪ್ಪಿದ ಕೂಡಲೇ, ಯಾರಿಗೂ ಮುಂಗಡ ಕೊಡುವ ಮೊದಲು, ಹುಡುಗ ಹುಡುಗಿ ತಮ್ಮ ತಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಲಿ. ಈ ಭೇಟಿಯಲ್ಲಿ ತಿಳಿಯಬೇಕಾದ ಸಂಗತಿಗಳು ನಾಲ್ಕು.

ಮೊದಲನೆಯದು ದಿನಾಂಕ. ತಪಸ್ಸುಕಾಲದಲ್ಲೂ ಆಗಮನಕಾಲದಲ್ಲೂ ಮದುವೆ ಇಟ್ಟುಕೊಳ್ಳದಿರುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಶುಭ ಶುಕ್ರವಾರ ಮತ್ತು ಪವಿತ್ರ ಶನಿವಾರಗಳಂದು ಮದುವೆ ನಡೆಸುವಂತೆಯೇ ಇಲ್ಲ. ಉದಾಹರಣೆಗೆ, 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10ಕ್ಕೆ, ಪುನರುತ್ಥಾನದ ಹಬ್ಬ ಮಾರ್ಚ್ 28ಕ್ಕೆ ಬರುತ್ತವೆ. ಅದೇ ವರ್ಷ ನವೆಂಬರ್ 28ರಿಂದ ಆಗಮನಕಾಲ. ಈ ದಿನಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಂಡರೆ ಆಮೇಲೆ ಮಂಟಪದವರ ಬಳಿ ಕೈಮುಗಿಯುವುದು ತಪ್ಪುತ್ತದೆ.

ಎರಡನೆಯದು ನೆಂಟಸ್ತಿಕೆ. ನಮ್ಮ ನಾಡಿನಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿ ತಲೆತಲಾಂತರದಿಂದ ಇದೆ. ಧರ್ಮಸಭೆಯ ಕಾನೂನಿನ ಪ್ರಕಾರ ಇಷ್ಟು ಹತ್ತಿರದ ರಕ್ತಸಂಬಂಧ ಮದುವೆಗೆ ಅಡ್ಡಿ. ವಿನಾಯಿತಿ ಇಲ್ಲದೆ ನಡೆದ ಅಂಥ ಮದುವೆ ಸಿಂಧುವಾಗುವುದಿಲ್ಲ. ವಿನಾಯಿತಿಗೆ ಧರ್ಮಾಧ್ಯಕ್ಷರಿಗೆ ಅರ್ಜಿ ಹೋಗಬೇಕು, ಕಾರಣ ತಿಳಿಸಬೇಕು. ಸಿಕ್ಕೇ ಸಿಗುತ್ತದೆ ಎಂದು ಮೊದಲೇ ನಂಬಿ ಕೂರುವಂತಿಲ್ಲ.

ಮೂರನೆಯದು ಬೇರೆ ಸಭೆಯವರನ್ನು ಅಥವಾ ಬೇರೆ ಧರ್ಮದವರನ್ನು ವರಿಸುವುದು. ಜ್ಞಾನಸ್ನಾನ ಪಡೆದ ಬೇರೆ ಸಭೆಯವರಾದರೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಜ್ಞಾನಸ್ನಾನ ಪಡೆಯದವರಾದರೆ ವಿನಾಯಿತಿ ಬೇಕು. ತನ್ನ ವಿಶ್ವಾಸವನ್ನು ಬಿಡುವುದಿಲ್ಲವೆಂದೂ ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ಕೈಲಾದದ್ದನ್ನೆಲ್ಲ ಮಾಡುವೆನೆಂದೂ ಕಥೋಲಿಕ ಸಂಗಾತಿ ಮಾತು ಕೊಡಬೇಕು. ಆ ಮಾತು ಇನ್ನೊಬ್ಬರಿಗೂ ಮೊದಲೇ ತಿಳಿದಿರಬೇಕು. ಇದನ್ನು ಮುಚ್ಚಿಟ್ಟು ಮದುವೆಯಾದರೆ ಮೊದಲ ಮಗು ಹುಟ್ಟಿದಾಗ ಮನೆಯಲ್ಲಿ ಜಗಳ ಹುಟ್ಟುತ್ತದೆ.

ನಾಲ್ಕನೆಯದು ವಯಸ್ಸು ಮತ್ತು ಹಿಂದಿನ ಮದುವೆ. ನಮ್ಮ ದೇಶದ ಕಾನೂನಿನಂತೆ ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಒಬ್ಬರಿಗೆ ಮೊದಲೇ ಮದುವೆಯಾಗಿದ್ದರೆ, ಆ ಸಂಗಾತಿ ತೀರಿಕೊಂಡ ಅಥವಾ ಆ ಮದುವೆ ಅಸಿಂಧುವೆಂದು ಧರ್ಮಸಭೆ ತೀರ್ಮಾನಿಸಿದ ದಾಖಲೆ ಬೇಕು. ನ್ಯಾಯಾಲಯದ ವಿಚ್ಛೇದನ ಇಲ್ಲಿ ಸಾಲದು.

ನಿಶ್ಚಿತಾರ್ಥ: ಬಾಗಿಲು ಇನ್ನೂ ತೆರೆದಿರಲಿ

ನಿಶ್ಚಿತಾರ್ಥವಾದರೆ ಮುಗಿಯಿತು, ಇನ್ನು ಹಿಂದೆ ಸರಿಯುವಂತಿಲ್ಲ ಎಂಬ ಭಾವನೆ ನಮ್ಮಲ್ಲಿದೆ. ಹೂವು ಮುಡಿಸಿದ ಮೇಲೆ ಮದುವೆ ನಿಂತರೆ ಊರಿಗೆ ಹೇಗೆ ಮುಖ ತೋರಿಸುವುದು ಎಂದು ತಾಯಂದಿರು ಅಳುತ್ತಾರೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ: ಮದುವೆಯಾಗುತ್ತೇನೆಂದು ಕೊಟ್ಟ ಮಾತಿನ ಬಲದಿಂದ ಯಾರನ್ನೂ ಮದುವೆಗೆ ಒತ್ತಾಯಿಸುವಂತಿಲ್ಲ. ಆದ ನಷ್ಟಕ್ಕೆ ಪರಿಹಾರ ಕೇಳಬಹುದು, ಮದುವೆಯನ್ನೇ ಕೇಳುವಂತಿಲ್ಲ.

ಯಾಕೆ ಹೀಗೆ? ಮದುವೆ ಆಗುವುದು ವಧೂವರರ ಸಮ್ಮತಿಯಿಂದ. ಗುರುಗಳು ಮದುವೆಯನ್ನು ಅವರಿಗೆ ಕೊಡುವುದಿಲ್ಲ. ಧರ್ಮಸಭೆಯ ಹೆಸರಿನಲ್ಲಿ ಅವರಿಬ್ಬರ ಸಮ್ಮತಿಯನ್ನು ಕೇಳಿ ಸ್ವೀಕರಿಸುತ್ತಾರೆ. ಆ ಸಮ್ಮತಿ ಬಲಾತ್ಕಾರದಿಂದಲೋ ಭಯದಿಂದಲೋ ಬಂದಿದ್ದರೆ ಎಷ್ಟು ದೊಡ್ಡ ಪೂಜೆ ನಡೆದರೂ, ಎಷ್ಟು ಜನ ಗುರುಗಳು ಪೀಠದಲ್ಲಿ ನಿಂತಿದ್ದರೂ ಮದುವೆ ಆಗಿರುವುದಿಲ್ಲ.

ಆದ್ದರಿಂದಲೇ ಗುರುಗಳು ಮದುವೆಗೆ ಮುಂಚೆ ಹುಡುಗನನ್ನೂ ಹುಡುಗಿಯನ್ನೂ ಬೇರೆ ಬೇರೆ ಕೂರಿಸಿ ವಿಚಾರಿಸುತ್ತಾರೆ. ಯಾರ ಒತ್ತಾಯವಾದರೂ ಇದೆಯೇ, ನಿನಗೆ ಮನಸ್ಸಿದೆಯೇ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಯಾವಾಗ ಕೇಳಲಾಗುತ್ತದೆ ಎಂಬುದು ಬಹಳ ಮುಖ್ಯ. ಪತ್ರಿಕೆ ಹಂಚಿಯಾಗಿದೆ, ಒಡವೆ ಬಂದಿದೆ, ಅಪ್ಪ ಸಾಲ ಮಾಡಿದ್ದಾರೆ, ಮದುವೆಗೆ ಇನ್ನು ಮೂರು ವಾರ ಉಳಿದಿದೆ. ಆ ಹೊತ್ತಿನಲ್ಲಿ ಕೇಳಿದರೆ ಯಾವ ಹುಡುಗಿ "ಇಲ್ಲ ಫಾದರ್, ನನಗೆ ಮನಸ್ಸಿಲ್ಲ" ಎಂದು ಹೇಳಿಯಾಳು? ಹುಡುಗನಾದರೂ ಹೇಳಿಯಾನೆ? ತಲೆತಗ್ಗಿಸಿ "ಹೂಂ" ಎಂದುಬಿಡುತ್ತಾರೆ. ಆ "ಹೂಂ" ಎಂಬುದರ ಕಷ್ಟವನ್ನು ಮುಂದೆ ನಲವತ್ತು ವರ್ಷ ಅನುಭವಿಸುವವರು ಅವರೇ. ಮದುವೆ ಮುರಿದು ಬಂದವರ ಮಾತು ಕೇಳುವಾಗ ನಮಗೆ ಮತ್ತೆ ಮತ್ತೆ ಕಿವಿಗೆ ಬೀಳುವುದು ಒಂದೇ ಮಾತು: "ನನಗೆ ಅವತ್ತೇ ಅನ್ನಿಸಿತ್ತು, ಹೇಳೋಕೆ ಆಗಲಿಲ್ಲ."

ಒಂದು ವರ್ಷದ ಮುಂಚೆ ದೇವಾಲಯಕ್ಕೆ ಬನ್ನಿ ಎಂದು ನಾವು ಹೇಳುವುದಕ್ಕೆ ಇದೇ ಮೂಲ ಕಾರಣ. ಆಗ "ಇಲ್ಲ" ಎಂದರೂ ಯಾರ ಮನೆಯೂ ಮುಳುಗುವುದಿಲ್ಲ. ಹಾಗಿದ್ದಾಗ ಹೇಳಿದ "ಹೌದು" ಎಂಬುದಕ್ಕೆ ಬೆಲೆಯಿದೆ. ಸರ್ವಶಕ್ತ ದೇವರೇ ನಜರೇತಿನ ಒಬ್ಬ ಹುಡುಗಿಯ ಬಳಿ ದೂತನನ್ನು ಕಳುಹಿಸಿದರು. ಅವಳ ಪ್ರಶ್ನೆಯನ್ನು ಕೇಳಿಸಿಕೊಂಡರು, ಅವಳ ಉತ್ತರಕ್ಕೆ ಕಾದರು. ದೇವರು ಕಾದಿರುವಾಗ ತಂದೆ ತಾಯಿಯಾದ ನಾವು ಕಾಯಬಾರದೇ? ತಾಯಂದಿರೇ, ನಿಶ್ಚಿತಾರ್ಥಕ್ಕೆ ಮುಂಚೆ ಒಂದು ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ತಂದೆಯಂದಿರೇ, ಮಗನನ್ನು ಕೇಳಿ. ಉತ್ತರ ಏನೇ ಬಂದರೂ ಗದರಬೇಡಿ.

ಹತ್ತನೆಯ ತಿಂಗಳು: ಹಣದ ಲೆಕ್ಕ

ಮದುವೆಯ ಖರ್ಚನ್ನೆಲ್ಲ ನಿರ್ಧರಿಸುವುದು ಒಂದೇ ಸಂಖ್ಯೆ, ಅದು ಊಟಕ್ಕೆ ಬರುವವರ ಸಂಖ್ಯೆ. ಮಂಟಪದ ಗಾತ್ರ, ಅಡುಗೆ, ಕುರ್ಚಿ, ಪತ್ರಿಕೆ ಎಲ್ಲವೂ ಅದರ ಹಿಂದೆ ಬರುತ್ತವೆ. ಆದ್ದರಿಂದ ಮೊದಲು ಹೆಸರುಗಳ ಪಟ್ಟಿ ಬರೆಯಿರಿ. ಒಂದು ಎಲೆಗೆ 250 ರೂಪಾಯಿ ಎಂದಿಟ್ಟುಕೊಂಡರೆ 800 ಎಲೆಗೆ 2 ಲಕ್ಷ ಆಗುತ್ತದೆ. ಪಟ್ಟಿ 500ಕ್ಕೆ ಇಳಿದರೆ 1,25,000 ಸಾಕು. ಉಳಿದ 75,000 ರೂಪಾಯಿ ಹೊಸ ಮನೆಯ ಬಾಡಿಗೆ ಮುಂಗಡಕ್ಕೋ ಪಾತ್ರೆ ಪಗಡಕ್ಕೋ ಆದೀತು.

ಸಾಲದ ಮಾತಿಗೆ ಬಂದರೆ, ಕೈಸಾಲದ ಬಡ್ಡಿಯನ್ನು ಒಂದು ಸಲ ಕಾಗದದ ಮೇಲೆ ಬರೆದು ನೋಡಬೇಕು. 3 ಲಕ್ಷ ರೂಪಾಯಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 9,000, ವರ್ಷಕ್ಕೆ 1,08,000. ಅಸಲು ಹಾಗೆಯೇ ನಿಂತಿರುತ್ತದೆ. ಒಂದು ದಿನದ ಊಟಕ್ಕೆ ಮಾಡಿದ ಸಾಲ ಮೊಮ್ಮಗುವಿನ ಜ್ಞಾನಸ್ನಾನದ ಹೊತ್ತಿಗೂ ತೀರಿರುವುದಿಲ್ಲ. ವರ್ಷ ಮೊದಲೇ ಯೋಚಿಸಿದರೆ ಪ್ರತಿ ತಿಂಗಳು ಒಂದಿಷ್ಟು ತೆಗೆದಿಡಬಹುದು. ಹುಡುಗನ ಮನೆಯವರೂ ಖರ್ಚಿನಲ್ಲಿ ಪಾಲು ತೆಗೆದುಕೊಂಡರೆ ಅವರ ಗೌರವವೇನೂ ಕಡಿಮೆಯಾಗುವುದಿಲ್ಲ.

ವರದಕ್ಷಿಣೆಯ ವಿಷಯದಲ್ಲಿ ಮುಚ್ಚುಮರೆ ಬೇಡ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಶಿಕ್ಷೆ ಸಾಮಾನ್ಯವಾಗಿ 5 ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ಮತ್ತು ದಂಡ. ವಧೂವರರಿಗೆ ಪ್ರೀತಿಯಿಂದ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ನಾವು ಏನನ್ನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಅದು ನಿಮ್ಮಿಷ್ಟ ಎನ್ನುವುದೂ ಬೇರೆ ಬಣ್ಣದ ಬೇಡಿಕೆಯೇ. ದಿವ್ಯಪೀಠದ ಮುಂದೆ ಸಂಸ್ಕಾರ ಸ್ವೀಕರಿಸುವವರು ಅದರ ಹಿಂದೆ ವ್ಯಾಪಾರ ನಡೆಸಬಾರದು.

ದಿನಾಂಕವನ್ನು ಗುರುಗಳು ಒಪ್ಪಿ, ಲೆಕ್ಕ ಹಿಡಿತಕ್ಕೆ ಬಂದ ಮೇಲೆ ಮಂಟಪಕ್ಕೆ ಮುಂಗಡ ಕೊಡಿ. ಧರ್ಮಕೇಂದ್ರದ ಸಭಾಂಗಣ ಸಾಕಾಗುವುದಾದರೆ ಮೊದಲು ಅದನ್ನೇ ಕೇಳಿ. ಕೊಟ್ಟ ಪ್ರತಿಯೊಂದು ಮುಂಗಡಕ್ಕೂ ರಸೀದಿ ಪಡೆಯಿರಿ.

ಆರನೆಯ ತಿಂಗಳು: ಶಿಬಿರ ಮತ್ತು ದಾಖಲೆ

ಮದುವೆ ಸಿದ್ಧತಾ ಶಿಬಿರವನ್ನು ಕೊನೆಯ ತಿಂಗಳಿಗೆ ಬಿಡಬೇಡಿ. ಪ್ರಮಾಣಪತ್ರ ಸಿಕ್ಕರೆ ಸಾಕೆಂದು ಹಿಂದಿನ ಬೆಂಚಿನಲ್ಲಿ ಮೊಬೈಲು ನೋಡುತ್ತಾ ಕೂರುವವರನ್ನು ನಾವು ಕಂಡಿದ್ದೇವೆ. ಸಂತ ಎರಡನೆಯ ಜಾನ್ ಪೌಲರು 1981ರ ತಮ್ಮ ಪ್ರೇಷಿತ ಪತ್ರದಲ್ಲಿ ಮದುವೆಯ ಸಿದ್ಧತೆಯನ್ನು ಮೂರು ಹಂತಗಳಾಗಿ ವಿವರಿಸಿದರು. ಬಾಲ್ಯದಿಂದ ಮನೆಯಲ್ಲಿ ಕಲಿಯುವುದು ಒಂದು, ಮದುವೆಗೆ ಕೆಲಕಾಲ ಮುಂಚೆ ಕಲಿಯುವುದು ಇನ್ನೊಂದು, ಕೊನೆಯ ತಿಂಗಳು ವಾರಗಳಲ್ಲಿ ಮಾಡಿಕೊಳ್ಳುವುದು ಮತ್ತೊಂದು. ಜಗದ್ಗುರು ಪೋಪ್ ಫ್ರಾನ್ಸಿಸರ ಕಾಲದಲ್ಲಿ, 2022ರಲ್ಲಿ, ರೋಮಿನಿಂದ ಬಂದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಜ್ಞಾನಸ್ನಾನಕ್ಕೆ ದೊಡ್ಡವರನ್ನು ಸಿದ್ಧಗೊಳಿಸುವಂತೆ ಮದುವೆಗೂ ದೀರ್ಘಕಾಲ ಸಿದ್ಧಗೊಳಿಸಬೇಕು, ಮದುವೆಯಾದ ಮೇಲೂ ಮೊದಲ ವರ್ಷಗಳಲ್ಲಿ ಜೊತೆಗಿರಬೇಕು ಎಂದಿತು.

ಜ್ಞಾನಸ್ನಾನದ ಪ್ರಮಾಣಪತ್ರವನ್ನು ಹೊಸದಾಗಿ ತರಲು ಗುರುಗಳು ಹೇಳಿದಾಗ, "ಮನೆಯಲ್ಲಿ ಹಳೆಯದಿದೆಯಲ್ಲ" ಎಂದು ಹಲವರು ಗೊಣಗುತ್ತಾರೆ. ಕಾರಣ ಹೀಗಿದೆ. ಯಾರಿಗೇ ಮದುವೆಯಾದರೂ ಆ ವಿಷಯವನ್ನು ಅವರು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಿ, ಅಲ್ಲಿನ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕದಲ್ಲಿ ಬರೆಯಲಾಗುತ್ತದೆ. ಹೊಸ ಪ್ರತಿ ತಂದರೆ ಅವರಿಗೆ ಈ ಮೊದಲು ಮದುವೆಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಇದು ನಿಮ್ಮ ಮಗಳ, ನಿಮ್ಮ ಮಗನ ರಕ್ಷಣೆಗೇ ಇರುವ ಏರ್ಪಾಡು.

ಪತ್ರ ಕೈಗೆ ಬಂದಾಗ ಹೆಸರನ್ನು ನೋಡಿಕೊಳ್ಳಿ. ಜ್ಞಾನಸ್ನಾನದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ತೊಂದರೆ. ದೃಢೀಕರಣ ಸಂಸ್ಕಾರ ಪಡೆಯದವರು ಈ ತಿಂಗಳುಗಳಲ್ಲೇ ಗುರುಗಳಿಗೆ ತಿಳಿಸಿ. ಕೊಲ್ಲಿ ದೇಶಗಳಲ್ಲೋ ಬೇರೆ ಊರಿನಲ್ಲೋ ಕೆಲಸದಲ್ಲಿರುವವರು ತಾವು ಅಲ್ಲಿ ಮದುವೆಯಾಗಿಲ್ಲ ಎಂಬ ಪತ್ರವನ್ನು ಅಲ್ಲಿನ ಧರ್ಮಕೇಂದ್ರದಿಂದ ತರಬೇಕಾಗುತ್ತದೆ. ರಜೆಗೆ ಬಂದ ವಾರದಲ್ಲೇ ಎಲ್ಲವನ್ನೂ ಮುಗಿಸುತ್ತೇವೆ ಎಂದು ಹೊರಟರೆ ಆಗದು.

ನಾಲ್ಕನೆಯ ತಿಂಗಳು: ಇಬ್ಬರೇ ಕುಳಿತು ಆಡಬೇಕಾದ ಮಾತು

ದಿನಾ ರಾತ್ರಿ ಗಂಟೆಗಟ್ಟಲೆ ಫೋನಿನಲ್ಲಿ ಮಾತನಾಡುವವರೂ ಕೆಲವು ವಿಷಯಗಳನ್ನು ಎತ್ತಿರುವುದೇ ಇಲ್ಲ. ಮದುವೆಯ ನಂತರ ಎಲ್ಲಿ ಇರುತ್ತೇವೆ? ಅತ್ತೆ ಮಾವನ ಜೊತೆಗೋ, ಬೇರೆಯೋ? ಅವಳು ಕೆಲಸ ಮುಂದುವರಿಸುತ್ತಾಳೆಯೇ? ಸಂಬಳ ಯಾರ ಕೈಯಲ್ಲಿ? ಅವಳ ತಂದೆ ತಾಯಿಗೆ ಗಂಡುಮಕ್ಕಳಿಲ್ಲದಿದ್ದರೆ ಅವರನ್ನು ನೋಡಿಕೊಳ್ಳುವವರು ಯಾರು? ಈಗಾಗಲೇ ಇರುವ ಸಾಲವೆಷ್ಟು? ಮಕ್ಕಳ ಬಗ್ಗೆ ಮನಸ್ಸಿನಲ್ಲಿ ಏನಿದೆ? ಕುಡಿತದ ಅಭ್ಯಾಸ ಇದೆಯೇ? ದೀರ್ಘಕಾಲದ ಕಾಯಿಲೆ, ಔಷಧ ಏನಾದರೂ ಇದೆಯೇ?

ಇಬ್ಬರೂ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇದು ಅನುಮಾನದ ಮಾತಲ್ಲ. ತನ್ನ ಮನಸ್ಸಿನ ಕಳವಳವನ್ನು ಒಬ್ಬರೇ ಹೊತ್ತುಕೊಂಡ ಜೋಸೆಫರಿಗೆ ದೇವದೂತನು ಕನಸಿನಲ್ಲಿ ಸತ್ಯವನ್ನು ತಿಳಿಸಿದನು. ನಮಗೆ ಹಾಗೆ ಕನಸು ಬೀಳಲಿಕ್ಕಿಲ್ಲ. ನಾವೇ ಬಾಯಿಬಿಟ್ಟು ಹೇಳಬೇಕು.

ಕೊನೆಯ ಎರಡು ತಿಂಗಳು: ಪ್ರಕಟಣೆ ಮತ್ತು ಪೂಜೆ

ಭಾನುವಾರದ ಪೂಜೆಗಳಲ್ಲಿ ಮದುವೆಯ ಪ್ರಕಟಣೆ ಓದುತ್ತಾರೆ. ಮದುವೆಗೆ ಅಡ್ಡಿಯಿರುವುದು ಗೊತ್ತಿದ್ದವರು ಅದನ್ನು ಗುರುಗಳಿಗೆ ತಿಳಿಸಲು ಬದ್ಧರು. ನೆರೆಹೊರೆಯ ಗುಸುಗುಸು ಇದಕ್ಕೆ ಸೇರುವುದಿಲ್ಲ.

ಪೂಜೆಯ ವಾಚನಗಳನ್ನು ವಧೂವರರೇ ಗುರುಗಳ ಜೊತೆ ಕುಳಿತು ಆರಿಸಿಕೊಳ್ಳಲಿ. ಓದುವವರಿಗೆ ವಾರದ ಮುಂಚೆಯೇ ಹಾಳೆ ಕೊಡಿ. ಗಾನವೃಂದಕ್ಕೆ ತಿಂಗಳ ಮುಂಚೆ ತಿಳಿಸಿ. ಸಭೆ ಕೂಡ ಸೇರಿ ಹಾಡುವಂಥ ಹಾಡುಗಳಿರಲಿ. ಉಂಗುರ, ತಾಳಿ, ಸೀರೆ ಯಾವಾಗ ಆಶೀರ್ವದಿಸುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಇಬ್ಬರು ಸಾಕ್ಷಿಗಳು ಬೇಕು. ಸಹಿ ಹಾಕಲು ಮಾತ್ರವಲ್ಲ, ಮುಂದೆ ಕಷ್ಟ ಬಂದಾಗ ಬುದ್ಧಿ ಹೇಳಬಲ್ಲವರಾದರೆ ಒಳ್ಳೆಯದು. ಫೋಟೋ ತೆಗೆಯುವವರು ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಿಬಿಡಿ. ಸಮ್ಮತಿಯ ಮಾತು ಆಡುವಾಗ ವಧೂವರರು ಒಬ್ಬರನ್ನೊಬ್ಬರು ನೋಡಬೇಕು, ಕ್ಯಾಮೆರಾವನ್ನಲ್ಲ.

ಕೊನೆಯ ವಾರ ಇಬ್ಬರೂ ಪಾಪನಿವೇದನೆ ಮಾಡಿ, ತಂದೆ ತಾಯಿಯೂ ಜೊತೆಗೆ ಬರಲಿ. ಮನೆಯಲ್ಲಿ ಯಾರೊಡನೆಯಾದರೂ ಮಾತು ಬಿಟ್ಟಿದ್ದರೆ ಪತ್ರಿಕೆ ಹಿಡಿದು ಮೊದಲು ಅವರ ಮನೆಗೆ ಹೋಗಿ. ಪೂಜೆಯ ನಂತರ ದಾಖಲೆ ಪುಸ್ತಕದಲ್ಲಿ ಸಹಿಯಾದ ಮೇಲೆ, ಮದುವೆಯ ಪ್ರಮಾಣಪತ್ರ ಪಡೆಯುವುದನ್ನು ಗಡಿಬಿಡಿಯಲ್ಲಿ ಮರೆಯಬೇಡಿ.

ಕಾನಾ ಊರಿನ ಮದುವೆ

ಯೇಸುಸ್ವಾಮಿ ತಮ್ಮ ಮೊದಲ ಸೂಚಕಕಾರ್ಯ ಮಾಡಿದ್ದು ಕಾನಾ ಊರಿನ ಮದುವೆಮನೆಯಲ್ಲಿ. ಆ ಮನೆಯವರ ಲೆಕ್ಕವೂ ತಪ್ಪಿತ್ತು, ದ್ರಾಕ್ಷಾರಸ ಸಾಲದೆ ಹೋಯಿತು. ನಾವು ಎಷ್ಟೇ ಯೋಜನೆ ಹಾಕಿದರೂ ಏನಾದರೊಂದು ಕಡಿಮೆ ಬಿದ್ದೇ ಬೀಳುತ್ತದೆ. ಮಳೆ ಬರುತ್ತದೆ, ಸಾರು ಮುಗಿಯುತ್ತದೆ, ಬೀಗರಲ್ಲಿ ಒಬ್ಬರು ಮುನಿಸಿಕೊಳ್ಳುತ್ತಾರೆ. ಕಾನಾದವರು ಯೇಸುವನ್ನೂ ಅವರ ತಾಯಿಯನ್ನೂ ಕರೆದಿದ್ದರು, ಹಾಗಾಗಿ ಕಡಿಮೆ ಬಿದ್ದದ್ದು ತುಂಬಿಬಂತು.

ಈ ಹಬ್ಬದ ದಿನ ಮದುವೆ ನಿಶ್ಚಯವಾಗಿರುವ ಮನೆಯವರು ಗೋದಲಿಯ ಮುಂದೆ ಒಂದು ಗಳಿಗೆ ಒಟ್ಟಾಗಿ ನಿಲ್ಲಿ. ವಧೂವರರ ಹೆಸರು ಹೇಳಿ ಪ್ರಾರ್ಥಿಸಿ. ಇನ್ನೂ ಕೇಳಬೇಕಾದ ಪ್ರಶ್ನೆಯೊಂದು ಉಳಿದಿದ್ದರೆ, ಮನೆಗೆ ಹೋಗಿ ಇವತ್ತೇ ಕೇಳಿ. ಮರಿಯಮ್ಮನವರ ಉತ್ತರಕ್ಕಾಗಿ ಕಾದ ದೇವರು ನಮ್ಮ ಮಕ್ಕಳ ಬಾಯಿಂದಲೂ ಮನಃಪೂರ್ವಕವಾದ ಸಮ್ಮತಿಯನ್ನೇ ಕೇಳಿಸಿಕೊಳ್ಳಲಿ. ನಜರೇತಿನ ಪವಿತ್ರ ಕುಟುಂಬ ನಮ್ಮ ಎಲ್ಲ ಹೊಸ ಕುಟುಂಬಗಳನ್ನು ಕಾಪಾಡಲಿ. ಆಮೆನ್.